ಷರತ್ತಿಲ್ಲದ ಆತಿಥ್ಯ: ಹಾರ್ಟ್‌ಫರ್ಡ್‌ನ ಚೀನೀ ವಿದ್ಯಾರ್ಥಿಗಳು (1872–1881)

ಬಾಬಿಲೋನಿನ ಅರಮನೆಯಲ್ಲಿ ಪರಭಾಷೆಯನ್ನೂ ಪರಶಾಸ್ತ್ರವನ್ನೂ ಕಲಿತ ದಾನಿಯೇಲ ಹಾಗೂ ಅವನ ಸಂಗಡಿಗರ ವೃತ್ತಾಂತ ನಮಗೆ ಚಿರಪರಿಚಿತ. ಅವರು ಸೆರೆಯಾಳುಗಳಾಗಿ ಹೋದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನಾದ 120 ಬಾಲಕರು ತಮ್ಮದೇ ಸರ್ಕಾರದ ಅಪೇಕ್ಷೆಯಂತೆ, ಅದರದೇ ವೆಚ್ಚದಲ್ಲಿ ಅಮೆರಿಕಕ್ಕೆ ತೆರಳಿದರು. ಪರದೇಶದ ವಿದ್ಯಾರ್ಥಿಗೆ ಬಾಗಿಲು ತೆರೆಯುವವರು ಅವನಿಂದ ಪ್ರತಿಯಾಗಿ ಏನನ್ನು ಕೇಳಬಹುದು? ಇವರ ಚರಿತ್ರೆಯ ಮೊದಲಿನಿಂದ ಕೊನೆಯವರೆಗೂ ಈ ಪ್ರಶ್ನೆ ಹರಿದುಬಂದಿದೆ.

ಈ ಯೋಜನೆಯ ರೂವಾರಿ ಯುಂಗ್ ವಿಂಗ್. 1828ರಲ್ಲಿ ಮಕಾವು ಬಳಿಯ ಹಳ್ಳಿಯೊಂದರಲ್ಲಿ ಬಡ ಕುಟುಂಬದಲ್ಲಿ ಜನಿಸಿದ ಅವರು ಮಿಷನರಿ ಶಾಲೆಯಲ್ಲಿ ಓದಿ, 1847ರಲ್ಲಿ ತಮ್ಮ ಗುರು ಸ್ಯಾಮ್ಯುಯೆಲ್ ಬ್ರೌನ್ ಅವರೊಡನೆ ಅಮೆರಿಕಕ್ಕೆ ಬಂದರು. ಕಾಲೇಜು ಸೇರಲು ಹಣವಿರಲಿಲ್ಲ. ಮುಂದೆ ಮಿಷನರಿಯಾಗುವುದಾಗಿ ವಚನವಿತ್ತರೆ ಶಾಲೆಯ ನಿಧಿಯಿಂದ ನೆರವು ದೊರೆಯುವುದೆಂಬ ಸಲಹೆ ಬಂದಿತು. ಯುಂಗ್ ವಿಂಗ್ ಒಪ್ಪಲಿಲ್ಲ. ಅವರು ಕ್ರೈಸ್ತವಿಶ್ವಾಸವನ್ನು ತಿರಸ್ಕರಿಸಿದವರಲ್ಲ. ಆದರೆ ಆ ವಚನವು ತಾಯ್ನಾಡಿಗೆ ತಾವು ಸಲ್ಲಿಸಬಹುದಾದ ಸೇವೆಗೆ ಮೊದಲೇ ಎಲ್ಲೆ ಕಟ್ಟುವುದೆಂದು ಭಾವಿಸಿದರು. ಕೊನೆಗೆ ಜಾರ್ಜಿಯಾದ ಸವಾನಾ ಪಟ್ಟಣದ ಮಹಿಳಾ ಸಂಘವೊಂದು ನೆರವಿಗೆ ಬಂದಿತು. 1854ರಲ್ಲಿ ಅವರು ಯೇಲ್‌ನಿಂದ ಪದವಿ ಪಡೆದರು. ಅಮೆರಿಕದ ವಿಶ್ವವಿದ್ಯಾಲಯದಿಂದ ಪದವೀಧರರಾದ ಮೊದಲ ಚೀನೀಯರು ಅವರೇ.

ತಮಗೆ ದೊರೆತ ವಿದ್ಯೆ ಇತರರಿಗೂ ದೊರೆಯಬೇಕೆಂಬುದು ಅವರ ಹಂಬಲವಾಯಿತು. ಝೆಂಗ್ ಗುವೋಫಾನ್ ಮತ್ತು ಲಿ ಹಾಂಗ್‌ಝಾಂಗ್ ಎಂಬ ಪ್ರಬಲ ಅಧಿಕಾರಿಗಳ ಬೆಂಬಲದಿಂದ 1872ರಿಂದ 1875ರವರೆಗೆ ವರ್ಷಕ್ಕೆ 30 ಬಾಲಕರಂತೆ ನಾಲ್ಕು ತಂಡಗಳು ಹೊರಟವು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ನಗರ ಕೇಂದ್ರಸ್ಥಾನವಾಯಿತು. ಬಾಲಕರನ್ನು ಆ ಪ್ರಾಂತದ ಕುಟುಂಬಗಳಲ್ಲಿ ಇರಿಸಲಾಯಿತು. ಅವರು ಆಂಗ್ಲ ಶಾಲೆಯ ಪಾಠದೊಂದಿಗೆ ಚೀನೀ ಗ್ರಂಥಗಳನ್ನೂ ಓದಬೇಕಿತ್ತು. ಕನ್ಫ್ಯೂಷಿಯಸ್‌ಗೆ ವಂದನೆ ಸಲ್ಲಿಸಬೇಕಿತ್ತು. ಅಲ್ಲಿಯ ಕಾಂಗ್ರಿಗೇಷನಲ್ ಸಭೆಯ ಪಾಲಕ ಜೋಸೆಫ್ ಟ್ವಿಚೆಲ್ ಯುಂಗ್ ವಿಂಗ್ ಅವರ ಆಪ್ತಮಿತ್ರರಾದರು.

ಆತಿಥೇಯರ ಮನದಲ್ಲಿ ಬಾಲಕರನ್ನು ಕ್ರಿಸ್ತರೆಡೆಗೆ ಕರೆತರುವ ಆಸೆ ಇರಲಿಲ್ಲವೆನ್ನಲಾಗದು. ಕೆಲವು ಹುಡುಗರು ಆ ವಿಶ್ವಾಸದತ್ತ ಒಲಿದರು. ಕೆಲವರು ಜಡೆ ಕತ್ತರಿಸಿಕೊಂಡರು. ಬೇಸ್‌ಬಾಲ್ ಆಟವಂತೂ ಬಹುಮಂದಿಗೆ ಪ್ರಿಯವಾಯಿತು. ಮಕ್ಕಳು ಪರಕೀಯರಾಗುತ್ತಿದ್ದಾರೆಂಬ ದೂರುಗಳು ಚೀನಾಕ್ಕೆ ತಲುಪಿದವು. ಇತ್ತ ಅಮೆರಿಕ ಸರ್ಕಾರವು 1868ರ ಬರ್ಲಿಂಗೇಮ್ ಒಪ್ಪಂದವಿದ್ದರೂ ತನ್ನ ಸೇನಾ ಅಕಾಡೆಮಿಗಳಲ್ಲಿ ಇವರಿಗೆ ಪ್ರವೇಶ ನೀಡಲಿಲ್ಲ. ಯೋಜನೆಯನ್ನು ಉಳಿಸಲು ಟ್ವಿಚೆಲ್ ಅವರು ಲೇಖಕ ಮಾರ್ಕ್ ಟ್ವೈನ್ ಅವರೊಡನೆ ಮಾಜಿ ರಾಷ್ಟ್ರಾಧ್ಯಕ್ಷ ಗ್ರಾಂಟ್ ಅವರನ್ನು ಭೇಟಿಯಾದರು. ಗ್ರಾಂಟ್ ಅವರು ಲಿ ಹಾಂಗ್‌ಝಾಂಗ್‌ಗೆ ಪತ್ರ ಬರೆದರು. ಆದರೂ 15 ವರ್ಷಗಳ ವ್ಯಾಸಂಗಕ್ಕೆಂದು ಆರಂಭವಾದ ಯೋಜನೆ 1881ರಲ್ಲಿ ನಿಂತುಹೋಯಿತು. ಬಹುಪಾಲು ವಿದ್ಯಾರ್ಥಿಗಳು ಪದವಿ ಮುಗಿಸದೆ ಮರಳಿದರು. ಶಾಂಘೈನಲ್ಲಿ ಅವರನ್ನು ಎದುರುಗೊಂಡದ್ದು ಸ್ವಾಗತವಲ್ಲ, ಕಾವಲು. ಮರುವರ್ಷವೇ ಅಮೆರಿಕ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿತು. ಯುಂಗ್ ವಿಂಗ್ ಅವರ ಪೌರತ್ವವೂ 1898ರಲ್ಲಿ ರದ್ದಾಯಿತು.

ಹಾಗಾದರೆ ಇದು ಕೇವಲ ಸೋಲೇ? 1881ರಲ್ಲಿ ಯೇಲ್ ಪದವಿ ಪಡೆದು ಮರಳಿದ ಝಾನ್ ಟಿಯಾನ್‌ಯೂ ಅವರ ನೇತೃತ್ವದಲ್ಲಿ 1909ರಲ್ಲಿ ಬೀಜಿಂಗ್–ಝಾಂಗ್‌ಜಿಯಾಕೊ ರೈಲುಮಾರ್ಗ ಪೂರ್ಣಗೊಂಡಿತು. ಟಾಂಗ್ ಶಾವೋಯಿ 1912ರಲ್ಲಿ ಚೀನೀ ಗಣರಾಜ್ಯದ ಮೊದಲ ಪ್ರಧಾನಿಯಾದರು. ಲಿಯಾಂಗ್ ಚೆಂಗ್ ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿ, ಬಾಕ್ಸರ್ ದಂಗೆಯ ಪರಿಹಾರಧನದ ಹೆಚ್ಚುವರಿ ಪಾಲು ಚೀನಾಕ್ಕೆ ಹಿಂದಿರುಗಬೇಕೆಂದು ಶ್ರಮಿಸಿದರು. ಆ ಹಣದಿಂದ ಮತ್ತೆ ವಿದ್ಯಾರ್ಥಿಗಳು ಅಮೆರಿಕಕ್ಕೆ ತೆರಳಿದರು. 1911ರಲ್ಲಿ ಚಿಂಗ್‌ಹ್ವಾ ವಿದ್ಯಾಸಂಸ್ಥೆ ಆರಂಭವಾಯಿತು.

ಈ ಫಲಗಳನ್ನು ಜ್ಞಾನಸ್ನಾನದ ದಾಖಲೆಯಲ್ಲಿ ಹುಡುಕಿದರೆ ಸಿಗವು. ಸವಾನಾದ ಮಹಿಳೆಯರ ನೆರವು ಒಬ್ಬ ಪಾದ್ರಿಯನ್ನು ರೂಪಿಸಲಿಲ್ಲ. ಆದರೆ ಅದು ಯುಂಗ್ ವಿಂಗ್ ಅವರ ಮೂಲಕ 120 ಮಕ್ಕಳನ್ನು ಮುಟ್ಟಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧರ್ಮಪ್ರಸಾರವನ್ನು ಕುರಿತ ತನ್ನ ಆಜ್ಞಪ್ತಿಯಲ್ಲಿ, ಯಾರನ್ನೂ ಬಲವಂತದಿಂದಾಗಲಿ ಅನುಚಿತ ಆಮಿಷದಿಂದಾಗಲಿ ವಿಶ್ವಾಸಕ್ಕೆ ಸೆಳೆಯಕೂಡದೆಂದು ವಿಧಿಸಿತು. ಆಮಿಷವೆಂದರೆ ಹಣದ ಚೀಲವೇ ಆಗಬೇಕಿಲ್ಲ. ಬಡ ವಿದ್ಯಾರ್ಥಿಯ ಮುಂದಿಟ್ಟ ಒಂದು ಸಹಿಪತ್ರವೂ ಆಮಿಷವಾಗಬಲ್ಲದು.

ಧರ್ಮಸಭೆಯ ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಾಳೆ ನಡೆಸಲಿರುವ ಗುರುವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದೊಳಿತು. ಕ್ರಿಸ್ತರಿಗೆ ಸಾಕ್ಷಿಯಾಗುವುದು ನಮ್ಮ ಕರ್ತವ್ಯ. ಆದರೆ ಅನ್ನವಿತ್ತ ಕೈ ಒಪ್ಪಿಗೆಯನ್ನೂ ಕಸಿದುಕೊಂಡರೆ ಆ ಸಾಕ್ಷ್ಯವೇ ಸುಳ್ಳಾಗುತ್ತದೆ. ಬಾಗಿಲು ತೆರೆಯುವುದು ನಮಗೆ ಸೇರಿದ್ದು. ಹೃದಯ ತೆರೆಯುವುದು ದೇವರಿಗೆ ಸೇರಿದ್ದು.