ವೈತಾಂಗಿ ಒಪ್ಪಂದ ಮತ್ತು ವಲಸಿಗ ಸಂತತಿಯ ಕಲಿಕೆ

1840ರ ಫೆಬ್ರವರಿ 4ರ ರಾತ್ರಿ ಮಿಷನರಿ ಹೆನ್ರಿ ವಿಲಿಯಮ್ಸ್ ಮತ್ತು ಆತನ ಮಗ ಎಡ್ವರ್ಡ್, ಬ್ರಿಟಿಷ್ ಪ್ರತಿನಿಧಿ ಹಾಬ್ಸನ್ ಸಿದ್ಧಪಡಿಸಿದ್ದ ಇಂಗ್ಲಿಷ್ ಕರಡನ್ನು ಮಾವೊರಿ ಭಾಷೆಗೆ ತಂದರು. 6ರಂದು ನ್ಯೂಜಿಲೆಂಡಿನ ವೈತಾಂಗಿಯಲ್ಲಿ ಮಾವೊರಿ ನಾಯಕರು ಅದಕ್ಕೆ ಅಂಕಿತ ಹಾಕತೊಡಗಿದರು. ಮುಂದಿನ ತಿಂಗಳುಗಳಲ್ಲಿ 500ಕ್ಕೂ ಹೆಚ್ಚು ನಾಯಕರು ಒಪ್ಪಿಗೆಯಿತ್ತರು. ಅವರಲ್ಲಿ ಇಂಗ್ಲಿಷ್ ಪಾಠದ ಹಾಳೆಗೆ ಅಂಕಿತ ಹಾಕಿದವರು 39 ಮಂದಿ ಮಾತ್ರ.

ಎರಡು ಪಾಠಗಳು ಒಂದೇ ಮಾತನ್ನು ಹೇಳುವುದಿಲ್ಲ. ಇಂಗ್ಲಿಷ್ ಪಾಠದಲ್ಲಿ ನಾಯಕರು ಸಾರ್ವಭೌಮತ್ವವನ್ನೇ ರಾಣಿಗೆ ಬಿಟ್ಟುಕೊಡುತ್ತಾರೆ. ಮಾವೊರಿ ಪಾಠದಲ್ಲಿ ಅವರು ಕೊಡುವುದು ‘ಕಾವನತಂಗ’. ಗವರ್ನರ್ ಎಂಬ ಪದವನ್ನು ಮಾವೊರಿ ನಾಲಗೆಗೆ ಒಗ್ಗಿಸಿ ಮಿಷನರಿಗಳು ಕಟ್ಟಿದ ಈ ಶಬ್ದಕ್ಕೆ ಆಡಳಿತ ನಡೆಸುವಿಕೆ ಎಂಬಷ್ಟೇ ಅರ್ಥ. ಎರಡನೆಯ ವಿಧಿಯಲ್ಲಿ ನೆಲ, ಊರು ಮತ್ತು ಸಕಲ ‘ತಾಒಂಗ’ಗಳ, ಅಂದರೆ ಅಮೂಲ್ಯ ಸಂಪತ್ತುಗಳ ಮೇಲಿನ ‘ರಂಗತಿರತಂಗ’ವು ನಾಯಕರಲ್ಲಿಯೇ ಉಳಿಯುತ್ತದೆ. 1835ರ ಮಾವೊರಿ ಘೋಷಣೆಯಲ್ಲಿ ಸ್ವಾತಂತ್ರ್ಯವೆಂಬ ಅರ್ಥಕ್ಕೆ ಬಳಕೆಯಾಗಿದ್ದ ಪದವೇ ಇದು. ಈ ಅಂತರವನ್ನು 1972ರ ಪ್ರಬಂಧವೊಂದರಲ್ಲಿ ನಿಷ್ಠುರವಾಗಿ ಬಿಚ್ಚಿಟ್ಟವಳು ರೂತ್ ರಾಸ್. ಆಕೆ ಪಾಕೆಹಾ, ಎಂದರೆ ಯುರೋಪಿನ ವಲಸಿಗರ ಸಂತತಿಯ ಇತಿಹಾಸಕಾರಳು. ಅದಕ್ಕೆ ಸುಮಾರು ಒಂದು ಶತಮಾನ ಹಿಂದೆ, 1877ರಲ್ಲಿ, ಆ ದೇಶದ ಮುಖ್ಯ ನ್ಯಾಯಾಧೀಶ ಪ್ರೆಂಡರ್‌ಗಾಸ್ಟ್ ಈ ಒಪ್ಪಂದಕ್ಕೆ ಕಾನೂನಿನ ಬೆಲೆಯೇ ಇಲ್ಲವೆಂದು ತೀರ್ಮಾನಿಸಿದ್ದನು.

ಮಾವೊರಿಗಳು ಒಪ್ಪಂದವನ್ನು ಎಂದೂ ಮರೆತಿರಲಿಲ್ಲ. ಮರೆತವರು ಇನ್ನೊಂದು ಪಕ್ಷದವರು. ವೈತಾಂಗಿ ನ್ಯಾಯಮಂಡಳಿ 1975ರಲ್ಲಿ ಸ್ಥಾಪನೆಯಾಗಿ, 1840ರಿಂದೀಚಿನ ಅಹವಾಲುಗಳನ್ನೆಲ್ಲ ವಿಚಾರಿಸುವ ಅಧಿಕಾರವನ್ನು 1985ರಲ್ಲಿ ಪಡೆದಾಗ, ಪಾಕೆಹಾ ಸಮಾಜದ ಬಹುಭಾಗ ಬೆಚ್ಚಿತು. ನಿಮ್ಮವರಿಗೆ ನೀವೇ ಕಲಿಸಿರಿ ಎಂಬುದು ಆ ದಶಕದಲ್ಲಿ ಮಾವೊರಿ ಹೋರಾಟಗಾರರು ಪಾಕೆಹಾ ಮಿತ್ರರ ಮುಂದಿಟ್ಟ ಬೇಡಿಕೆಯಾಗಿತ್ತು.

ಆ ಬೇಡಿಕೆಗೆ ಓಗೊಟ್ಟವರಲ್ಲಿ ಕ್ರೈಸ್ಟ್‌ಚರ್ಚಿನ ರಾಬರ್ಟ್ ಕಾನ್ಸಡೀನ್ ಪ್ರಮುಖರು. ಐರಿಷ್ ಕ್ಯಾಥೊಲಿಕ್ ವಲಸಿಗರ ಕುಡಿಯಾದ ಅವರು ಚಳವಳಿಯ ಹಾದಿಯಿಂದ ಒಪ್ಪಂದ ಶಿಕ್ಷಣಕ್ಕೆ ಬಂದವರು. ಅವರ ಕಮ್ಮಟಗಳ ಕ್ರಮದಲ್ಲಿ ಎರಡು ವಿಶೇಷಗಳಿದ್ದವು. ಮಾವೊರಿಗಳೂ ಪಾಕೆಹಾಗಳೂ ಮೊದಲು ಬೇರೆ ಬೇರೆಯಾಗಿ ಕಲಿಯಬೇಕು ಎಂಬುದು ಒಂದು. ಮಿಶ್ರ ಸಭೆಯಲ್ಲಿ ಮಾವೊರಿ ಸದಸ್ಯನು ತಾನು ಕಲಿಯುವ ಬದಲು ಉಳಿದವರಿಗೆ ಉತ್ತರ ಹೇಳುವ ಸಾಕ್ಷಿಯಾಗಿಬಿಡುತ್ತಾನೆ. ಪಾಕೆಹಾ ಸದಸ್ಯನು ತನ್ನ ಅಜ್ಞಾನವನ್ನೂ ಅಸಮಾಧಾನವನ್ನೂ ಸೌಜನ್ಯದ ಮರೆಯಲ್ಲಿ ಅಡಗಿಸುತ್ತಾನೆ. ಈ ಸಮಾಂತರ ಕ್ರಮದಲ್ಲಿ ಅವರ ಸಹಯೋಗಿಯಾಗಿದ್ದವರು ಇರಿಹಪೆತಿ ರಾಮ್ಸ್‌ಡೆನ್. ಶುಶ್ರೂಷಾ ಶಿಕ್ಷಣದಲ್ಲಿ ‘ಸಾಂಸ್ಕೃತಿಕ ಸುರಕ್ಷತೆ’ಯ ಪರಿಕಲ್ಪನೆಯನ್ನು ರೂಪಿಸಿದ ಮಾವೊರಿ ವಿದುಷಿ ಆಕೆ.

ಎರಡನೆಯ ವಿಶೇಷವು ಇನ್ನೂ ಸ್ವಾರಸ್ಯಕರ. ಪಾಕೆಹಾಗಳು ತಮ್ಮ ಹಿರಿಯರ ಚರಿತ್ರೆಯಿಂದಲೇ ಆರಂಭಿಸಬೇಕೆಂಬುದು ಕಾನ್ಸಡೀನರ ಆಗ್ರಹ. ಮಗಳು ಜೊಆನ್ನಾಳೊಡನೆ 2001ರಲ್ಲಿ ಪ್ರಕಟಿಸಿದ ‘ಹೀಲಿಂಗ್ ಅವರ್ ಹಿಸ್ಟರಿ’ಯಲ್ಲಿ ಅವರೂ ಐರ್ಲೆಂಡಿನ ತಮ್ಮ ಬೇರುಗಳತ್ತ ತಿರುಗುತ್ತಾರೆ. ನೆಲವನ್ನೂ ನುಡಿಯನ್ನೂ ಇಂಗ್ಲಿಷ್ ಆಳ್ವಿಕೆಯಲ್ಲಿ ಕಳೆದುಕೊಂಡವರ ಮಕ್ಕಳು ಸಾಗರದಾಚೆ ಇನ್ನೊಬ್ಬರ ನೆಲದಲ್ಲಿ ನೆಲೆಯೂರಿದರು. ಈ ವಿಪರ್ಯಾಸವನ್ನು ಗ್ರಹಿಸಿದವನಿಗೆ ಒಪ್ಪಂದವು ಆರೋಪಪಟ್ಟಿಯಾಗಿ ಕಾಣಬೇಕಾಗಿಲ್ಲ. ಅಪರಾಧಪ್ರಜ್ಞೆಯನ್ನು ಬಿತ್ತುವುದು ಕಾನ್ಸಡೀನರ ಉದ್ದೇಶವೂ ಆಗಿರಲಿಲ್ಲ. ನ್ಯಾಯಮಂಡಳಿಯ ಅಧ್ಯಕ್ಷರಾಗಿದ್ದ ಎಡ್ಡೀ ಡ್ಯೂರಿ 1989ರಲ್ಲಿ ಪಾಕೆಹಾಗಳನ್ನು ‘ತಂಗತ ತಿರಿತಿ’, ಅಂದರೆ ಒಪ್ಪಂದದ ಜನ, ಎಂದು ಕರೆದರು. ಮಾವೊರಿಗಳು ನೆಲದ ಜನರಾದರೆ, ಉಳಿದವರು ಅಲ್ಲಿ ಬಾಳುವ ಹಕ್ಕನ್ನು ಒಪ್ಪಂದದಿಂದ ಪಡೆದವರು. ಒಪ್ಪಂದವನ್ನು ಅಲ್ಲಗಳೆಯುವ ವಲಸಿಗನು ತಾನು ನಿಂತ ಕಾಲಡಿಯ ಆಧಾರವನ್ನೇ ಅಗೆಯುತ್ತಾನೆಂಬ ತರ್ಕ ಇದರಲ್ಲಿದೆ. ಕರುಣೆಯ ಉಪದೇಶಕ್ಕಿಂತ ಇದು ಗಟ್ಟಿಯಾದ ವಾದವೆನ್ನಬೇಕು.

ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೆ ಈ ಚರಿತ್ರೆಯ ಇನ್ನೊಂದು ಎಳೆ ಮುಖ್ಯ. ಮಾವೊರಿ ಭಾಷೆಯೂ ಒಂದು ತಾಒಂಗವೇ ಎಂದು ನ್ಯಾಯಮಂಡಳಿ 1986ರಲ್ಲಿ ಎತ್ತಿಹಿಡಿಯಿತು. ಅಭಯವಿತ್ತ ಪ್ರಭುತ್ವವು ಭಾಷೆಗೆ ಅಡ್ಡಿಮಾಡದೆ ಸುಮ್ಮನಿದ್ದರೆ ಸಾಲದು, ಅದರ ರಕ್ಷಣೆಗೆ ಸಕ್ರಿಯವಾಗಿ ತೊಡಗಬೇಕೆಂದಿತು. ಮರುವರ್ಷವೇ ಮಾವೊರಿ ಅಧಿಕೃತ ಭಾಷೆಯಾಯಿತು. ಭಾರತದಲ್ಲಿ 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಮಾತೃಭಾಷೆಯ ಸೌಲಭ್ಯ ಕಲ್ಪಿಸಲು ರಾಜ್ಯಗಳು ‘ಪ್ರಯತ್ನಿಸಬೇಕು’ ಎನ್ನುತ್ತದೆ. ಆ ಕ್ರಿಯಾಪದದ ಸಡಿಲವನ್ನು ಕಾಸರಗೋಡಿನಿಂದ ಜತ್ತದವರೆಗಿನ ಕನ್ನಡ ಶಾಲೆಗಳ ಚರಿತ್ರೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆದರೆ ಹೋಲಿಕೆಯನ್ನು ಇದಕ್ಕಿಂತ ಮುಂದೆ ಒಯ್ಯುವುದು ಸಲ್ಲದು. ಗಡಿರೇಖೆಯ ಆಚೆ ಉಳಿದ ಭಾಷಿಕರ ಸ್ಥಿತಿಯೂ ನೆಲ ಕಳೆದುಕೊಂಡ ಮೂಲನಿವಾಸಿಗಳ ಸ್ಥಿತಿಯೂ ಒಂದೇ ಅಲ್ಲ.

ಅಲ್ಪಾವಧಿಯ ಕಮ್ಮಟಗಳಿಂದ ಭೂಮಿ ಮರಳದು, ಅಧಿಕಾರ ಹಂಚಿಕೆಯಾಗದು ಎಂಬ ಆಕ್ಷೇಪದಲ್ಲಿ ಹುರುಳಿದೆ. ನಾಯಕರು 1840ರಲ್ಲಿ ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಿರಲಿಲ್ಲವೆಂದು ಉತ್ತರ ಪ್ರಾಂತದ ಪಂಗಡಗಳ ಅಹವಾಲಿನಲ್ಲಿ ನ್ಯಾಯಮಂಡಳಿ 2014ರಲ್ಲಿ ಹೇಳಿದರೂ ಸರ್ಕಾರ ತನ್ನ ನಿಲುವನ್ನು ಬದಲಿಸಲಿಲ್ಲ. ಒಪ್ಪಂದದ ತತ್ತ್ವಗಳನ್ನು ಶಾಸನದ ಮೂಲಕ ಮರುವ್ಯಾಖ್ಯಾನಿಸುವ ಮಸೂದೆ 2024ರ ನವೆಂಬರಿನಲ್ಲಿ ಸಂಸತ್ತಿಗೆ ಬಂದಿತು. ಅದನ್ನು ವಿರೋಧಿಸಿ ವೆಲಿಂಗ್ಟನ್ನಿಗೆ ನಡೆದ ಮೆರವಣಿಗೆಯಲ್ಲಿ ಮಾವೊರಿಗಳ ಜೊತೆ ಪಾಕೆಹಾಗಳೂ ಹೆಜ್ಜೆ ಹಾಕಿದರು. ಅದನ್ನು ಕಮ್ಮಟಗಳ ಫಲವೆಂದು ಸಾಧಿಸಿ ತೋರಿಸಲಾಗದು. ಒಪ್ಪಂದದ ಜನ ಎಂಬ ಹೆಸರು ಮಾತ್ರ ಆ ವೇಳೆಗೆ ಪಾಕೆಹಾಗಳ ಬಾಯಲ್ಲೂ ನೆಲೆಗೊಂಡಿತ್ತು. 2025ರ ಏಪ್ರಿಲ್ 10ರಂದು ಮಸೂದೆಯು 11ರ ವಿರುದ್ಧ 112 ಮತಗಳಿಂದ ಬಿದ್ದುಹೋಯಿತು.