ಮುಚ್ಚಳದ ಮೇಲಿನ ಕೆಂಡ

ಶರದೃತು ಬಂತೆಂದರೆ ನಮ್ಮ ಹಿತ್ತಿಲಿನ ಬದನೆಗಿಡಗಳಿಗೆ ಸುಗ್ಗಿ. ಮಹಾನವಮಿಯ ಹೊತ್ತಿಗೆ ಸಿಹಿಗುಂಬಳದ ಬಳ್ಳಿಯೂ ಕಾಯಿಬಿಟ್ಟು ತೂಗುತ್ತಿತ್ತು. ಆ ದಿನಗಳಲ್ಲಿ ನಮ್ಮ ತಾಯಿಯವರು ಬೆಣ್ಣೆ ಹಾಕಿ ಕಲಸಿದ ದಪ್ಪ ರೊಟ್ಟಿಯನ್ನು ಕಾವಲಿಯಲ್ಲಿಟ್ಟು, ಮುಚ್ಚಿ, ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದರು. ಪೇಟೆಯ ಬೇಕರಿಯನ್ನು ಕಂಡಿದ್ದ ನಾನು, ಹೀಗೆ ಬೇಯಿಸುವುದು ಪರಂಗಿಯವರಿಂದ ಬಂದ ವಿದ್ಯೆಯೆಂದೇ ಬಹುಕಾಲ ನಂಬಿದ್ದೆ.

ಆ ನಂಬಿಕೆಯನ್ನು ಕೆಡಿಸಿದ್ದು ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಕಲ್ಲಹಳ್ಳಿಯ ಈ ಜೈನಪ್ರಭು 16ನೆಯ ಶತಮಾನದ ಆರಂಭದಲ್ಲಿ ಅಡುಗೆಯನ್ನು ವಾರ್ಧಕ ಷಟ್ಪದಿಗೆ ಒಗ್ಗಿಸಿದನು. ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಮುಚ್ಚಳ ರೊಟ್ಟಿ ಅಲ್ಲಿದೆ. ಬದನೆಕಾಯಿಗಂತೂ ಅವನು ಧಾರಾಳವಾಗಿ ಪದ್ಯಗಳನ್ನು ಕೊಟ್ಟಿದ್ದಾನೆ. ತಿಂದು ಸುಖಪಟ್ಟವನೇ ಇರಬೇಕು. ಮೆಣಸಿನಕಾಯಿಯನ್ನು ಮಾತ್ರ ಅಲ್ಲಿ ಹುಡುಕಬಾರದು. ಪೋರ್ಚುಗೀಸರು 1498ರಲ್ಲಷ್ಟೇ ಕಲ್ಲಿಕೋಟೆಗೆ ಬಂದಿದ್ದರು. ಅಮೆರಿಕದ ಆ ಕಾಯಿ ನಮ್ಮ ಒಲೆಗಳನ್ನು ಮುಟ್ಟುವುದಕ್ಕೆ ಇನ್ನೂ ಕಾಲವಿತ್ತು. ಅಂದಿನ ಖಾರವೆಲ್ಲ ಕರಿಮೆಣಸು, ಶುಂಠಿಗಳದು. ನಮ್ಮ ಹಿತ್ತಿಲಿನದೇ ಎಂದುಕೊಂಡಿದ್ದ ಸಿಹಿಗುಂಬಳದ ತವರೂ ಅಮೆರಿಕವೇ.

ಒಂದು ಸಂಜೆ ಆ ಮುಚ್ಚಳ ರೊಟ್ಟಿಯ ಪದ್ಯವನ್ನು ತಾಯಿಯವರಿಗೆ ಓದಿ ಅರ್ಥ ಹೇಳಿದೆ. ಅಕ್ಷರ ಕಲಿಯದ ಅವರು ಎಲ್ಲವನ್ನೂ ಕೇಳಿ, “ಅರಸನಿಗೆ ಇದನ್ನು ಹೇಳಿಕೊಟ್ಟ ಹೆಂಗಸು ಯಾರಪ್ಪಾ?” ಎಂದರು.

ನಾನು ಉತ್ತರ ಹೇಳಲಾರದೆ ಹೋದೆ.