ಕುಡಿತ ಬಿಟ್ಟವರು ಮತ್ತೆ ಕುಡಿಯುವುದೇಕೆ? ಹಳೆಯ ಆಘಾತಕ್ಕೂ ಚಟಕ್ಕೂ ಇರುವ ನಂಟು

ಕುಡಿಯುವವರಿಗೆ ಗೊತ್ತಾಗದಂತೆ ಸಾರಿನಲ್ಲಿ ಪುಡಿ ಬೆರೆಸಿದರೆ ಕುಡಿತ ತಾನೇ ನಿಲ್ಲುತ್ತದೆ ಎನ್ನುವ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಡೈಸಲ್ಫಿರಾಮ್ ಎಂಬ ಔಷಧಿ ನಿಜಕ್ಕೂ ಇದೆ. ಆದರೆ ಅದನ್ನು ತೆಗೆದುಕೊಂಡವರು ಮದ್ಯ ಕುಡಿದರೆ ವಾಂತಿ, ಎದೆಬಡಿತ ಶುರುವಾಗಿ ರಕ್ತದೊತ್ತಡ ಕುಸಿಯಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ಹಾಗಾಗಿ ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ.

ಪುಡಿಯಿಂದಲೇ ಕುಡಿತ ನಿಂತಿತು ಎಂದಿಟ್ಟುಕೊಳ್ಳೋಣ. ಆ ಮನುಷ್ಯ ಯಾಕೆ ಕುಡಿಯುತ್ತಿದ್ದ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಕುಡಿಯುವವರೆಲ್ಲ ನೋವಿನಿಂದಲೇ ಕುಡಿಯುತ್ತಾರೆ ಎಂದು ನಾವು ಹೇಳುತ್ತಿಲ್ಲ. ಆದರೆ 1998ರಲ್ಲಿ ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ಮತ್ತು ಸಂಗಡಿಗರು ಸಾವಿರಾರು ಜನರ ಬಾಲ್ಯದ ಬಗ್ಗೆ ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಗೆ ಹೊಡೆಯುವುದನ್ನು ನೋಡುವುದು, ಹೀಗೆ ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವ ಇದ್ದವರಲ್ಲಿ ಮದ್ಯದ ಚಟ, ಮಾದಕ ವಸ್ತು ಬಳಕೆ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಮನೆಯಲ್ಲಿ ವಿಪರೀತ ಕುಡಿಯುವವರು ಇರುವುದೂ ಆ ಪಟ್ಟಿಯಲ್ಲಿದೆ. ಅಂದರೆ ಅಪ್ಪನ ಕುಡಿತವೇ ಮಗನ ಗಾಯವಾಗಬಹುದು.

ಆಘಾತ ಅನುಭವಿಸಿದ ಮೆದುಳು ಅಪಾಯ ಕಳೆದ ಮೇಲೂ ಕಾವಲು ನಿಲ್ಲಿಸುವುದಿಲ್ಲ. ಸಣ್ಣ ಸದ್ದಿಗೂ ಬೆಚ್ಚುವುದು, ಕೆಟ್ಟ ಕನಸು, ನಿದ್ದೆಗೇಡು. ಮದ್ಯ ಆ ಗಾಬರಿಯನ್ನು ಕೆಲವು ಗಂಟೆ ತಣ್ಣಗಾಗಿಸುತ್ತದೆ, ಇಳಿದಾಗ ಗಾಬರಿ ಇಮ್ಮಡಿಯಾಗಿ ಮರಳುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ಇದೆಲ್ಲ ಒಟ್ಟಿಗೆ ಮೇಲೆ ಬರುವುದರಿಂದ ಹಲವರು ಮತ್ತೆ ಬಾಟಲಿ ಹಿಡಿಯುತ್ತಾರೆ. ಅದನ್ನು ಬರೀ ಛಲವಿಲ್ಲದಿರುವುದು ಎನ್ನಲಾಗದು.

ಮೊದಲು ಕುಡಿತ ಬಿಡಲಿ, ಹಳೆಯದನ್ನು ಕೆದಕಿದರೆ ಇನ್ನೂ ಕುಡಿದಾರು ಎಂಬ ಭಯ ಚಿಕಿತ್ಸಕರಲ್ಲೂ ಇತ್ತು. 2012ರಲ್ಲಿ ಪ್ರಕಟವಾದ, 103 ಜನರ ಮೇಲಿನ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟಾಗ ಆಘಾತದ ಲಕ್ಷಣಗಳು ಹೆಚ್ಚು ತಗ್ಗಿದವು, ಚಟ ಉಲ್ಬಣಿಸಲಿಲ್ಲ. ಆದರೆ ಚಟವನ್ನು ಇಳಿಸುವುದರಲ್ಲಿ ಅದು ಮಾಮೂಲಿ ಚಿಕಿತ್ಸೆಗಿಂತ ಮೇಲಾಗಲಿಲ್ಲ ಎಂಬುದನ್ನೂ ಹೇಳಬೇಕು. ಚಟದ ಚಿಕಿತ್ಸೆಯೂ ಬೇಕೇ ಬೇಕು.

ಇನ್ನೊಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್, ಭ್ರಮೆ ಬರಬಹುದು. ಆಗ ಆಸ್ಪತ್ರೆಯೇ ಬೇಕು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರವೇ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಯಾವಾಗ ಎಂದೂ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋದಾಗ ಎಷ್ಟು ಕುಡಿಯುತ್ತಾರೆ ಎಂಬುದರ ಜೊತೆಗೆ ಯಾವಾಗಿನಿಂದ ಹೆಚ್ಚಾಯಿತು, ಅದಕ್ಕೆ ಮುಂಚೆ ಏನಾಗಿತ್ತು, ರಾತ್ರಿ ಬೆಚ್ಚಿ ಏಳುತ್ತಾರೆಯೇ ಎಂಬುದನ್ನೂ ಹೇಳಿ.